ಎದೆಯೆತ್ತರದ ಮಂಚ

"ಅಮ್ಮಾ, ಸೊಪ್ಪಿನವಳ ಹರಟೆ ಬರೆದುಕೊಳ್ಳುವುದಕ್ಕೆ ನಾನು ಹನ್ನೆರಡು ವರ್ಷ ಓದಬೇಕಿತ್ತೆ?" ಎಂದು ವಿಮಲಾಕ್ಷ ಕೇಳಿದ.

ಕೇಳಿದ್ದು ಕಡತಮಠದ ಹಿರಿಯಳಾದ ಸಾತಮ್ಮನನ್ನು. ಹೊಸನೆಲವೆಂಬ ಗ್ರಹಕ್ಕೆ ಮನುಷ್ಯರು ಬಂದು ಇಳಿದಾಗ, ಬಿಟ್ಟು ಬಂದ ಭೂಮಿಯ ಕತೆ ಮರೆತು ಹೋಗಬಾರದೆಂದು ಕಟ್ಟಿದ ಮಠ ಅದು. ಓದಿದವರು ಕೂತು ಹಳೆಯ ಪುಸ್ತಕಗಳ ನಕಲು ತೆಗೆಯುತ್ತಾರೆ, ಹುಳ ಹಿಡಿಯದಂತೆ ನೋಡಿಕೊಳ್ಳುತ್ತಾರೆ. ಅಂಥ ಕಡೆ ಸಾತಮ್ಮ ಈ ಶಿಷ್ಯನನ್ನು ಒಂದು ವಾರದಿಂದ ಹೆಬ್ಬಾಗಿಲಲ್ಲಿ ಕೂರಿಸಿದ್ದಳು. ಬಂದು ಹೋಗುವವರು ಆಡುವುದನ್ನೆಲ್ಲ ಬರೆದುಕೊ ಎಂದಿದ್ದಳು. ಅವನಿಗೆ ಮೈಯೆಲ್ಲ ಉರಿದು ಹೋಗಿತ್ತು.

"ಯಾರ ಮಗಳು ಯಾರ ಜೊತೆ ಹೋದಳು, ಯಾರ ಕೋಳಿ ಯಾರ ಹಿತ್ತಲಲ್ಲಿ ಮೊಟ್ಟೆ ಇಟ್ಟಿತು, ಇದೆಲ್ಲ ಇತಿಹಾಸವೆ? ನೂರು ವರ್ಷ ತುಂಬದ ಮಾತು ಇತಿಹಾಸವಲ್ಲ, ಹರಟೆ ಎಂದು ಗೋಡೆಯ ಮೇಲೆ ಹಲಗೆಯೇ ಇದೆಯಲ್ಲ!"

ಸಾತಮ್ಮ ಅದೇ ಸೊಪ್ಪಿನವಳಿಂದ ಕೊಂಡ ಸೊಪ್ಪನ್ನು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕೂತುಕೊ. ಆ ಲೇಖನಿ ಆಚೆ ಇಡು. ಹೇಗೂ ಇದು ನೀನು ಬರೆಯುವಂಥದ್ದಲ್ಲ" ಎಂದು ಹೇಳತೊಡಗಿದಳು.

ಒಬ್ಬ ರೈತನಿದ್ದ. ಅವನ ಊರಲ್ಲಿ ನಲವತ್ತು ಮನೆ. ಜನ ಹೆಚ್ಚಿದರು, ನೆಲ ಸಾಲದಾಯಿತು. ಗುಡ್ಡದ ಆಚೆ ಒಂದು ಕಣಿವೆ ಖಾಲಿ ಬಿದ್ದಿತ್ತು. ಕಪ್ಪು ಮಣ್ಣು, ವರ್ಷವಿಡೀ ಹರಿಯುವ ನೀರು. ನಲವತ್ತು ಮನೆಯೂ ಅಲ್ಲಿಗೇ ಹೋಗಿಬಿಡೋಣ ಎಂದಿತು. ಮುಂದೆ ನಿಂತು ಹೊರಡಿಸಿದವನು ರೈತನ ಭಾವಮೈದುನ. ಗಾಡಿಗೆ ಪಾತ್ರೆ ಪರಡಿ ಏರಿಸಿದ್ದೂ ಆಯಿತು.

ರೈತನಿಗೊಬ್ಬನಿಗೇ ಅನುಮಾನ. ಅವನು ಕಣಿವೆಯನ್ನು ಕಣ್ಣಾರೆ ನೋಡಿ ಬಂದಿದ್ದ. ಅಲ್ಲಿ ಹಿಂದೊಂದು ಊರಿತ್ತು. ಸೂರು ಬಿದ್ದಿತ್ತು, ಒಲೆಗಳು ಹಾಗೇ ಇದ್ದವು. ಪ್ರತಿ ಮನೆಯಲ್ಲೂ ಒಂದೊಂದು ಕಲ್ಲಿನ ಮಂಚ. ಮಂಚವೆಂದರೆ ಎಂಥದು? ಗಂಡಸಿನ ಎದೆಯೆತ್ತರದ್ದು. ಹತ್ತಲು ಮೂರು ಮೆಟ್ಟಿಲು. ಬಸುರಿಯರು, ಮುದುಕರು ದಿನಾ ಇದನ್ನು ಹತ್ತಿ ಇಳಿಯಬೇಕು. ಬುದ್ಧಿಯಿದ್ದವರು ಹೀಗೆ ಕಟ್ಟುತ್ತಾರೆಯೆ? ಇಂಥ ಚಿನ್ನದಂಥ ನೆಲವನ್ನು ಬಿಟ್ಟು ಅವರು ಹೋದದ್ದಾದರೂ ಏಕೆ? ಅದು ಅವನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಉಣ್ಣಲೂ ಬಿಡಲಿಲ್ಲ.

"ಬರೀ ಅನುಮಾನ ಅಂದರೆ ನನ್ನ ತಮ್ಮ ಕಿವಿಗೆ ಹಾಕಿಕೊಳ್ಳುವವನಲ್ಲ. ಮಠದಲ್ಲಿ ಕೇಳಿ, ಬರೆಸಿಕೊಂಡು, ಮುದ್ರೆ ಒತ್ತಿಸಿಕೊಂಡು ಬನ್ನಿ" ಎಂದಳು ಹೆಂಡತಿ. ಊರವರು ಹತ್ತು ದಿನ ಕಾಯಲು ಒಪ್ಪಿದರು. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ರೈತ ಹೊರಟ.

ಮಠದಲ್ಲಿ ಒಬ್ಬ ವಿದ್ವಾಂಸ ಸಿಕ್ಕಿದ. ಭೂಮಿಯ ಮೇಲೆ ಯಾವ ಕಾಲದಲ್ಲೋ ಬತ್ತಿ ಹೋದ ನದಿಗಳ ಹೆಸರನ್ನು ಉಗುಳು ನುಂಗದೆ ಹೇಳಬಲ್ಲವನು. ಮಠದ ಹಿತ್ತಲ ಹಳ್ಳಕ್ಕೆ ಏನು ಹೆಸರೋ, ಅವನಿಗೆ ಗೊತ್ತಿರಲಿಲ್ಲ. ರೈತ ಹೇಳಿದ್ದನ್ನೆಲ್ಲ ಅವನು ಕಣ್ಣು ಮುಚ್ಚಿ ಕೇಳಿದ.

"ಆ ಊರು ಬರಿದಾಗಿ ಎಷ್ಟು ವರ್ಷವಾಯಿತು?"

"ಎಪ್ಪತ್ತು ಅನ್ನುತ್ತಾರೆ ಸ್ವಾಮಿ."

"ಹಾಗಾದರೆ ಇನ್ನು ಮೂವತ್ತು ವರ್ಷ ಬಿಟ್ಟು ಬಾ."

ತಮಾಷೆಯಿರಬೇಕೆಂದು ರೈತ ನಕ್ಕ. ವಿದ್ವಾಂಸ ನಗಲಿಲ್ಲ. ಗೋಡೆಯ ಹಲಗೆ ತೋರಿಸಿದ. ರೈತ ಕೈ ಮುಗಿದ, ಗಾಡಿಗಳು ಹೇರಿಕೊಂಡು ನಿಂತಿವೆ ಎಂದ, ನಲವತ್ತು ಮನೆಯಲ್ಲಿ ಎಷ್ಟು ಮಕ್ಕಳೆಂದು ಬೆರಳು ಮಡಿಸಿ ಹೇಳಿದ. ವಿದ್ವಾಂಸನೇನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಾಗಿಲು ಹಾಕಿಕೊಂಡು ಸುಮ್ಮನಿರುತ್ತಿದ್ದ. ಇವನಿಗೆ ಕರುಣೆ ಬಂತು, ಅದೇ ಬಂದ ಸಂಕಟ. ಎಪ್ಪತ್ತು ವರ್ಷದ ಹಿಂದಿನದನ್ನು ನೋಡುವಂತಿಲ್ಲ, ಆದರೆ ಸಾವಿರ ವರ್ಷದ ಹಿಂದಿನದಕ್ಕೆ ಅಡ್ಡಿಯಿಲ್ಲವಲ್ಲ! ನಾಲ್ಕು ದಪ್ಪ ಪುಸ್ತಕ ಇಳಿಸಿದ, ಧೂಳು ಕೊಡವಿದ, ಹುಡುಕಿದ. ಭೂಮಿಯ ಯಾವುದೋ ದೇಶದ ಯಾವುದೋ ದೊರೆ ಮೆಟ್ಟಿಲು ಹತ್ತಿ ಮಲಗುತ್ತಿದ್ದನಂತೆ. ಐಶ್ವರ್ಯ ಹೆಚ್ಚಿದಷ್ಟೂ ಮಂಚ ಎತ್ತರವಂತೆ. ಸಿಕ್ಕಿತಲ್ಲ ಎಂದು ವಿದ್ವಾಂಸ ಹಿಗ್ಗಿಹೋದ. ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟ: "ಎತ್ತರದ ಮಂಚ ಸಂಪತ್ತಿನ ಗುರುತು. ಕಣಿವೆಯ ಜನ ಸುಖವಾಗಿ ಬಾಳಿದರು." ಕೆಳಗೆ ಮಠದ ಮುದ್ರೆ.

ರೈತ ಹಾಳೆ ಹಿಡಿದು ಹೆಬ್ಬಾಗಿಲಿಗೆ ಬಂದ. ಗಂಟಲ ಮುಳ್ಳು ಮಾತ್ರ ಹೋಗಿರಲಿಲ್ಲ. ಬಾಗಿಲಲ್ಲಿ ಕಸ ಗುಡಿಸುವ ಮುದುಕಿ ಇದ್ದಳು. ಗುಡಿಸುವುದಕ್ಕಿಂತ ಕೇಳಿಸಿಕೊಳ್ಳುವುದೇ ಅವಳ ಕಸುಬು. ಒಳಗಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಸಂಪತ್ತಂತೆ ಸಂಪತ್ತು!" ಎಂದಳು. "ಒಂಬತ್ತು ವರ್ಷಕ್ಕೊಮ್ಮೆ ಆ ನೆಲ ಬಿರಿದು ವಿಷದ ಗಾಳಿ ಬಿಡುತ್ತದೆ ಕಣಪ್ಪ. ಭಾರದ ಗಾಳಿ, ಮೇಲೇಳುವುದಿಲ್ಲ, ನೀರಿನ ಹಾಗೆ ನಿಲ್ಲುತ್ತದೆ. ಮೊದಲ ಸಲ ಉಂಡು ನೆಲದ ಮೇಲೆ ಅಡ್ಡಾದವರು ಏಳಲೇ ಇಲ್ಲ. ಉಳಿದವರು ಮಂಚ ಎತ್ತರಿಸಿದರು. ಎರಡನೆಯ ಸಲ ಅದು ಮಂಚಕ್ಕೂ ಮುಟ್ಟಿತು. ನಮ್ಮವ್ವ ಉಪ್ಪಿನಕಾಯಿ ಜಾಡಿ ಇಳಿಸಲು ಅಟ್ಟ ಹತ್ತಿದ್ದಳು. ಹಾಗಾಗಿ ನಾನು ಇಲ್ಲಿ ನಿಂತು ನಿನ್ನ ಜೊತೆ ಮಾತಾಡುತ್ತಿದ್ದೇನೆ."

ರೈತ ಅವಳ ರಟ್ಟೆ ಹಿಡಿದು ಪೊರಕೆಯ ಸಮೇತ ವಿದ್ವಾಂಸನ ಮುಂದೆ ನಿಲ್ಲಿಸಿದ. "ಇವಳು ಹೇಳುವುದನ್ನು ಬರೆದು ಮುದ್ರೆ ಒತ್ತಿ ಸ್ವಾಮಿ. ಎರಡೇ ಸಾಲು ಸಾಕು."

"ಅದು ಹರಟೆ" ಎಂದ ವಿದ್ವಾಂಸ.

"ಹರಟೆಯೇ ಆದರೆ ಪೂರಾ ಕೇಳಿ ಅಯ್ಯನವರೇ" ಎಂದು ಮುದುಕಿ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡಳು. "ಬೇಡಬೇಡವೆಂದರೂ ಆ ಊರು ಕಟ್ಟಿಸಿದವರು ಯಾರು? ಇದೇ ಮಠದ ಆಗಿನ ಹಿರಿಯರು. ಗಾಳಿ ಎದ್ದ ದಿನ ಜನರ ಜೊತೆ ಇರಬೇಕಾದವರು ಎಲ್ಲಿದ್ದರು? ಗುಡ್ಡದ ಮೇಲೆ, ಬೀಜದ ಉಗ್ರಾಣದವನ ಹೆಂಡತಿಯ ಜೊತೆ. ಅವಳಿಗೆ ನಕ್ಷತ್ರ ತೋರಿಸುತ್ತಿದ್ದರಂತೆ. ಹಾಡುಹಗಲಲ್ಲಿ! ಇಳಿದು ಬಂದವರು ಮಾಡಿದ ಮೊದಲ ಕೆಲಸ ಈ ಹಲಗೆ ಬರೆಸಿದ್ದು. ನೂರು ವರ್ಷ ಯಾರೂ ಬಾಯಿ ಬಿಡಬಾರದಲ್ಲ! ಈ ಹಲಗೆಗೂ ಎಪ್ಪತ್ತೇ ವರ್ಷ. ನಿಮ್ಮ ಲೆಕ್ಕದಲ್ಲಿ ಇದೂ ಹರಟೆಯೇ."

ವಿದ್ವಾಂಸನ ಕಿವಿ ಕೆಂಪಾಯಿತು. ಹಲಗೆಯ ಕಡೆ ನೋಡಿದ. ಅವನ ಕೈ ಮುದ್ರೆಯ ತನಕ ಹೋಯಿತು. ಅದನ್ನು ಎತ್ತಿದ, ಪೆಟ್ಟಿಗೆಯೊಳಗೆ ಇಟ್ಟ, ಬೀಗ ಹಾಕಿದ.

"ಮೂವತ್ತು ವರ್ಷ" ಎಂದ. ಈ ಸಲ ಮೆಲ್ಲಗೆ.

ನೀನೇ ಬಂದು ಹೇಳವ್ವ ಎಂದು ರೈತ ಮುದುಕಿಯ ಕಾಲಿಗೆ ಬಿದ್ದ. ಅವಳ ಮಂಡಿ ನಾಲ್ಕು ದಿನದ ದಾರಿ ನಡೆಯುವಂತಿರಲಿಲ್ಲ. ನಡೆದಿದ್ದರೂ, ಮಠದವರೇ ಕೇಳದ ಕಸದವಳ ಮಾತನ್ನು ಯಾರು ಕೇಳುತ್ತಿದ್ದರು? ರೈತ ಒಬ್ಬನೇ ಹೊರಟ. ಕೈಯಲ್ಲಿ ಮುದ್ರೆಯಿದ್ದ ಸುಳ್ಳು, ಕಿವಿಯಲ್ಲಿ ಮುದ್ರೆಯಿಲ್ಲದ ನಿಜ. ಹಾಳೆಯನ್ನು ಹರಿದರೆ ಬರಿಗೈ, ಯಾರೂ ನಂಬುವುದಿಲ್ಲ. ತೋರಿಸಿದರೆ ಎಲ್ಲರೂ ನಂಬುತ್ತಾರೆ, ಅದು ಇನ್ನೂ ಘೋರ. ದಾರಿಯುದ್ದಕ್ಕೂ ಅದನ್ನು ಮಡಚಿದ, ಬಿಡಿಸಿದ, ಬೈದ, ಮತ್ತೆ ಮಡಚಿದ. ನಾಲ್ಕನೆಯ ದಿನ ಊರು ಕಂಡಿತು. ಎತ್ತುಗಳನ್ನು ಆಗಲೇ ಹೂಡಿದ್ದರು. ಮಕ್ಕಳು ಗಾಡಿ ಹತ್ತಿ ಕೂತಿದ್ದರು. ಭಾವಮೈದುನ ಎದುರಿಗೆ ಓಡಿ ಬಂದು ಕೈ ಚಾಚಿದ.

"ಮುದ್ರೆ ಬಿತ್ತೆ ಭಾವ?"

ಸಾತಮ್ಮ ಅಲ್ಲಿಗೆ ನಿಲ್ಲಿಸಿದಳು. ಬಿಡಿಸಿದ ಸೊಪ್ಪನ್ನು ಒಂದು ಕಡೆ ಮಾಡಿ, ದಂಟುಗಳನ್ನು ಇನ್ನೊಂದು ಕಡೆ ತಳ್ಳಿದಳು. ವಿಮಲಾಕ್ಷ ಕಾದ. ಅವಳು ಸೊಪ್ಪು ತೊಳೆಯಲು ಎದ್ದು ನಿಂತಳು. ಲೇಖನಿ ಅವನ ಕೈಗೆ ಯಾವಾಗ ಬಂದಿತ್ತೋ ಅವನಿಗೇ ತಿಳಿದಿರಲಿಲ್ಲ.

"ಆಮೇಲೆ? ಅಮ್ಮಾ, ಆಮೇಲೆ ಏನಾಯಿತು? ಆ ಮಕ್ಕಳು ಹೋದರೋ, ಉಳಿದರೋ? ಯಾವಾಗ ನಡೆದದ್ದು ಇದು?"

"ಮೂವತ್ತೆಂಟು ವರ್ಷವಾಯಿತು" ಎಂದಳು ಸಾತಮ್ಮ. "ಇನ್ನು ಅರವತ್ತೆರಡು ವರ್ಷ ಬಿಟ್ಟು ಬಾ, ಹೇಳುತ್ತೇನೆ."