ಆಮೆಯಜ್ಜ ಬಂದ ದಿನಗಳು

ಕೆರೆಗೆ ಯಾವ ದಿನ ಯಾರು ನೀರು ಕುಡಿಯಲು ಬಂದರೆಂದು ಮರಕುಟಿಗಜ್ಜಿ ಹೊಂಗೆಮರದ ತೊಗಟೆಯ ಮೇಲೆ ಸಾಲುಸಾಲಾಗಿ ಕೊರೆದಿಡುತ್ತಿದ್ದಳು. ಒಂದು ಸಾಲೂ ತಪ್ಪಿಲ್ಲವೆಂಬುದು ಅವಳ ಹೆಮ್ಮೆ.

"ಅಜ್ಜಿ, ಆಮೆಯಜ್ಜ ಈಚೆಗೆ ಕಾಣುತ್ತಿಲ್ಲವಲ್ಲ?" ಎಂದಿತು ಅಳಿಲು.

"ಕಣ್ಣಿದ್ದರೆ ಓದು. ಅವನು ಬಂದಾಗಲೆಲ್ಲ ಆ ದಿನದಿಂದ ಹಿಂದಿನ ಸಾಲಿನ ದಿನವನ್ನು ಕಳೆದು ನೋಡಿದ್ದೇನೆ. ಒಂದು ದಿನಕ್ಕಿಂತ ಹೆಚ್ಚಿನ ಅಂತರವೇ ಇಲ್ಲ. ಗಟ್ಟಿಮುಟ್ಟಾಗಿದ್ದಾನೆ."

ಅಳಿಲು ಮರವನ್ನೆಲ್ಲ ಹತ್ತಿ ಇಳಿಯಿತು. "ಹಿಂದಿನ ಸಾಲು ಮೊಲದ್ದು ಅಜ್ಜಿ, ಅದಕ್ಕೂ ಹಿಂದಿನದು ನವಿಲಿನದು. ಆಮೆಯಜ್ಜನ ಸಾಲುಗಳನ್ನಷ್ಟೇ ಹೆಕ್ಕಿ ಕಳೆದು ನೋಡಿ."

ಅಜ್ಜಿ ಕಳೆದಳು. ಮೊದಮೊದಲು ಮೂರು ದಿನ, ಆಮೇಲೆ ಏಳು, ಆಮೇಲೆ ಹದಿನೈದು. ಕೊನೆಯ ಸಲ ಬಂದು ಇವತ್ತಿಗೆ ನಲವತ್ತು.

ಅವಳು ಆಮೆಯ ಬಿಲದತ್ತ ಹಾರಿದಳು. ಅರ್ಧ ದಾರಿಯಲ್ಲೇ, ಪೊದೆಯ ಬುಡದಲ್ಲಿ, ಬರಿಯ ಚಿಪ್ಪು ಬಿದ್ದಿತ್ತು.

"ಕಾಲು ಸೋತಿದೆಯೆಂದು ಒಂದು ಮಾತು ಹೇಳಿ ಕಳಿಸಬಾರದಿತ್ತೇ?" ಎಂದು ಅಜ್ಜಿ ಅತ್ತಳು.

ಪೊದೆಯಲ್ಲಿದ್ದ ಇರುವೆ ಮೆಲ್ಲಗೆ ಹೇಳಿತು: "ನಾನು ಹೋಗಿ ಹೇಳಿಬರುತ್ತೇನೆ ಎಂದೆ. ಬೇಡವೆಂದ. 'ನಾನು ತಡವಾದರೆ ಮರಕುಟಿಗಜ್ಜಿಗೆ ಗೊತ್ತಾಗೇ ಆಗುತ್ತದೆ, ಅವಳು ಎಲ್ಲ ಬರೆದಿಡುತ್ತಾಳೆ' ಎಂದ."