ಬೋಲ್ಟಿನ ಅಡಿಯ ಬಣ್ಣ

"ಗುರುಗಳೇ, ನನ್ನ ಹಾಡಿನ ಬಗ್ಗೆ ನನಗೆ ಹೆಮ್ಮೆಯಿದೆ. ಅದು ತಪ್ಪೇ?" ಎಂದು ಗುರುಶಾಂತ ಕೇಳಿದ. ಮಠದಲ್ಲಿ ಅವನಷ್ಟು ಚೆನ್ನಾಗಿ ಹಾಡುವವರು ಬೇರೆ ಇರಲಿಲ್ಲ. ಒಂದು ಸ್ವರ ತಪ್ಪಿತೆಂದು ಹೇಳಿದ ಜೊತೆಗಾರನೊಡನೆ ಅವನು ಮಾತು ಬಿಟ್ಟಿದ್ದ. ಗುರುಗಳಿಗೆ ಅದೂ ಗೊತ್ತಿತ್ತು. ಅವರು ಒಂದು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಹೆಂಡತಿಗೆ ಕಡಲು ತೋರಿಸಬೇಕೆಂದು ತನ್ನ ಕೈಯಾರೆ ಒಂದು ಗಾಲಿಮನೆ ಮಾಡಿದ. ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ. ಒಳಗೆ ಮಂಚ, ಒಲೆ, ದೀಪ, ಬ್ಯಾಟರಿಯಿಂದ ನಡೆಯುವ ಪುಟ್ಟ ಫ್ರಿಜ್. ಹೆಂಡತಿಗೆ ಸಕ್ಕರೆ ಕಾಯಿಲೆ. ಅವಳ ಇನ್ಸುಲಿನ್ ತಂಪಾಗಿರಬೇಕಿತ್ತು. ಫ್ರಿಜ್ ಇಲ್ಲದಿದ್ದರೆ ಪ್ರಯಾಣವೇ ಇಲ್ಲ. ಊರೆಲ್ಲ ಬಂದು ನೋಡಿತು. ಕಮ್ಮಾರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ಸಾಲದೆಂದು, ಹೊರಡುವ ಮುನ್ನ ಒಂದೊಂದು ಬೋಲ್ಟನ್ನೂ ಬಿಚ್ಚಿ, ಸಂದುಗೊಂದಿ ಬಿಡದೆ ನೀಲಿ ಬಣ್ಣ ಬಳಿದು, ಮತ್ತೆ ಬಿಗಿದ.

ಊರು ದಾಟಿ ಬಹುದೂರ ಹೋದ ಮೇಲೆ ದೀಪ ಮಂಕಾಯಿತು, ಫ್ರಿಜ್ ನಿಂತಿತು. ಕಮ್ಮಾರ ಬ್ಯಾಟರಿಯನ್ನು ಬೈದ. ಹೊಸದು ತಂದು ಹಾಕಿದ. ಫ್ರಿಜ್ ಮಿಸುಕಲಿಲ್ಲ. ಫ್ಯೂಸ್ ಬದಲಿಸಿದ, ಸ್ವಿಚ್ಚು ಬದಲಿಸಿದ, ಮಾರಿದ ಅಂಗಡಿಯವನಿಗೆ ಹಿಡಿಶಾಪ ಹಾಕಿದ. ದಾರಿಬದಿಯ ಮೆಕ್ಯಾನಿಕ್ ಗಾಲಿಮನೆಯ ಅಡಿಗೆ ತೂರಲು ಹೋದರೆ, ಬಣ್ಣಕ್ಕೆ ಗೀರು ಬಿದ್ದೀತೆಂದು ತಡೆದ. ಹೆಂಡತಿ ಔಷಧದ ಶೀಶೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಬಟ್ಟೆ ಬೇಗ ಬೇಗ ಒಣಗುತ್ತಿತ್ತು. ಇನ್ನು ಕಡಲಿನ ಆಸೆ ಬಿಟ್ಟು ಹಿಂದಿರುಗಬೇಕು ಎಂದುಕೊಂಡ ಕಮ್ಮಾರ.

"ಬಣ್ಣಾ ಹಚ್ಚೂಕಿಂತ ಮೊದ್ಲ ಎಲ್ಲಾ ಬರೋಬ್ಬರಿ ಇತ್ತಲ್ರೀ?" ಎಂದಳು ಹೆಂಡತಿ.

ಕಮ್ಮಾರ ಸಿಟ್ಟಾಗಲು ಹೋದ; ಆಗಲಿಲ್ಲ. ಬ್ಯಾಟರಿಯ ನೆಗೆಟಿವ್ ತುದಿಯಿಂದ ಫ್ರಿಜ್ಜಿಗೆ ಬೇರೆಯೇ ಒಂದು ತಂತಿ ಎಳೆದು ನೋಡಿದ. ಫ್ರಿಜ್ ಗುಂಯ್ ಎಂದಿತು. ಅವನಿಗೆ ತಪ್ಪು ಹೊಳೆಯಿತು. ಬ್ಯಾಟರಿಯಿಂದ ಹೊರಟ ಕರೆಂಟು ಗಾಲಿಮನೆಯ ಕಬ್ಬಿಣದ ಮೈ ಹಿಡಿದು ಬ್ಯಾಟರಿಗೇ ಮರಳಬೇಕು. ಮರಳುವ ತಂತಿಯನ್ನು ಕಬ್ಬಿಣಕ್ಕೆ ಬಿಗಿಯುವ ಬೋಲ್ಟಿನ ಅಡಿಗೂ ಅವನು ಬಣ್ಣ ಬಳಿದಿದ್ದ. ತಂತಿಗೂ ಕಬ್ಬಿಣಕ್ಕೂ ನಡುವೆ ಅವನ ನೀಲಿ ಬಣ್ಣ ಕುಳಿತಿತ್ತು; ಹೊರಟಾಗ ಅಲ್ಪಸ್ವಲ್ಪ ಸೋಕುತ್ತಿದ್ದದ್ದೂ ದಾರಿಯ ಕುಲುಕಾಟಕ್ಕೆ ಬಿಟ್ಟುಹೋಗಿತ್ತು.

ಚಾಕು ಹಿಡಿದ ಕೈ ಒಂದು ಗಳಿಗೆ ಮುಂದೆ ಹೋಗಲಿಲ್ಲ. ಆಮೇಲೆ ಕಬ್ಬಿಣ ಹೊಳೆಯುವ ತನಕ ಕೆರೆದ, ಬೋಲ್ಟು ಬಿಗಿದ. ಗಂಡ ಹೆಂಡತಿ ಕಡಲು ಕಂಡರು. ದಂಡೆಯಲ್ಲಿ ಯಾರಾದರೂ ಬಣ್ಣವನ್ನು ಹೊಗಳಿದರೆ, ಕಮ್ಮಾರ ಅವರನ್ನು ಬಗ್ಗಿಸಿ ಆ ಕೆರೆದ ಜಾಗವನ್ನೂ ಎದೆಯುಬ್ಬಿಸಿ ತೋರಿಸುತ್ತಿದ್ದ.

ಗುರುಶಾಂತನ ಮುಖ ಅರಳಿತು. "ಹಾಗಾದರೆ ಹೆಮ್ಮೆಪಡಬಹುದು?"

"ಬಳಿಯಪ್ಪಾ, ಚೆನ್ನಾಗಿಯೇ ಬಳಿ, ಬೋಲ್ಟಿನ ಅಡಿಯೊಂದನ್ನು ಬಿಟ್ಟು," ಎಂದರು ಗುರುಗಳು.

ಗುರುಶಾಂತ ಎದ್ದು, ತಪ್ಪಿದ ಸ್ವರ ಯಾವುದೆಂದು ಕೇಳಲು ಆ ಜೊತೆಗಾರನನ್ನು ಹುಡುಕಿಕೊಂಡು ಹೋದ.