ಮನೆ ಮಗಳ ಪಗಾರ

ಗದುಗಿನ ಒಂದು ಶಾಮಿಯಾನ ಅಂಗಡಿಯಲ್ಲಿ ದಾನೇಶ್ವರಿ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಬಿ.ಕಾಂ. ಮುಗಿಸಿ ಹಳ್ಳಿಯಿಂದ ಬಂದವಳಿಗೆ ಅದೇ ಮೊದಲ ನೌಕರಿ. ಅಂಗಡಿಯ ಮಾಲೀಕ ಚನ್ನವೀರಪ್ಪ ಅವಳ ಅಪ್ಪನ ಹಳೆಯ ಗೆಳೆಯ. ಸೇರಿದ ದಿನ ಅವನು ಚಹಾ ತರಿಸಿದ, ಊರಿನ ಸುದ್ದಿಯನ್ನೆಲ್ಲ ಕೇಳಿದ, ಕೊನೆಗೆ ಹೇಳಿದ: “ನೀ ನಮ್ಮ ಮನಿ ಮಗಳಿದ್ದಂಗ. ಪಗಾರದ್ದು ಆಮ್ಯಾಲ ನೋಡೂಣು.”

ದಾನೇಶ್ವರಿ ತಲೆಯಾಡಿಸಿದಳು. ಮನೆ ಮಗಳು ಅಂದವರ ಮುಂದೆ ಪಗಾರ ಎಷ್ಟು ಎಂದು ಕೇಳಲು ಯಾರಿಗೆ ಬಾಯಿ ಬರುತ್ತದೆ? ನಿಮಗೂ ಬರುತ್ತಿರಲಿಲ್ಲ ಬಿಡಿ.

ಕೆಲಸವೇನೋ ಬೇಗ ಕೈಗೆ ಹತ್ತಿತು. ಕುರ್ಚಿ, ಜಮಖಾನೆ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಒಯ್ಯಲು ಬಂದವರ ಜೊತೆ ಮಾತಾಡುವುದು ಅವಳ ಪಾಲಿಗೆ ಬಂತು. ಚನ್ನವೀರಪ್ಪ ಅವಳಿಗೆ ಮಾಡಿದ್ದ ಕಟ್ಟಪ್ಪಣೆ ಒಂದೇ. “ಮದುವಿ ಮನಿಯವ್ರು ಬಾಳ ಸವಿ ಮಾತಾಡ್ತಾರ. ನಾವು ನೀವು ಒಂದ ಅಂತಾರ, ಬಾಡಿಗಿ ಆಮ್ಯಾಲ ನೋಡೂಣು ಅಂತಾರ. ಹಂಗಂದವ್ರಿಗೆ ಒಂದ್ ಕುರ್ಚಿನೂ ಕೊಡಬ್ಯಾಡ. ಮದಲ ರೇಟ್ ಮಾತಾಡು, ಆಮ್ಯಾಲ ಗಾಡಿಗೆ ಏರಸು.”

ತಿಂಗಳು ತುಂಬಿತು. ಚನ್ನವೀರಪ್ಪ ಕಿಸೆಯಿಂದ ಒಂದಿಷ್ಟು ನೋಟು ತೆಗೆದು ಅವಳ ಕೈಗಿಟ್ಟು, “ಖರ್ಚಿಗೆ ಇಟ್ಕೋ ಯವ್ವಾ” ಅಂದ. ಅದು ಪಗಾರವೋ, ಮುಂಗಡವೋ, ಕಾಕಾನ ಅಕ್ಕರೆಯೋ ಅವಳಿಗೆ ತಿಳಿಯಲಿಲ್ಲ. ಖೋಲಿಯ ಬಾಡಿಗೆ ಕೊಟ್ಟು, ಖಾನಾವಳಿಯವರಿಗೆ ಅರ್ಧ ಕೊಡುವಷ್ಟರಲ್ಲಿ ಕೈ ಬರಿದಾಯಿತು. ಉಳಿದದ್ದು ಇಂದು ಬಂದೀತು, ನಾಳೆ ಬಂದೀತು ಎಂದು ಕಾದಳು. ಚನ್ನವೀರಪ್ಪ ಕಿಸೆಗೆ ಕೈ ಹಾಕಿದಾಗಲೆಲ್ಲ ಅವಳು ಕೆಲಸ ಬಿಟ್ಟು ಅತ್ತಲೇ ನೋಡುತ್ತಿದ್ದಳು. ಅವನು ತೆಗೆಯುತ್ತಿದ್ದದ್ದು ಎಲೆಯಡಿಕೆಯ ಚಂಚಿ.

ಅಷ್ಟರಲ್ಲಿ ಅವಳು ಹಿಂದೆ ಅರ್ಜಿ ಹಾಕಿದ್ದ ನರ್ಸಿಂಗ್ ಹೋಮಿನಿಂದ ಒಂದು ಬೆಳಿಗ್ಗೆ ಫೋನ್ ಬಂತು. ರಿಸೆಪ್ಷನ್ ಕೆಲಸ. ಪಗಾರ ಎಷ್ಟು, ರಜೆ ಯಾವತ್ತು, ಪಿ.ಎಫ್. ಹಿಡಿಯುತ್ತಾರೋ ಇಲ್ಲವೋ, ಎಲ್ಲವನ್ನೂ ಹೇಳಿದರು. “ಇವತ್ತ ಸಂಜಿ ಒಳಗ ಹೇಳ್ರಿ. ಇಲ್ಲಾಂದ್ರ ಬ್ಯಾರೇದವ್ರನ್ನ ತಗೋತೀವಿ.”

ದಾನೇಶ್ವರಿಗೆ ದಿಗಿಲು ಹತ್ತಿತು. ಆ ಕೆಲಸ ಇದಕ್ಕಿಂತ ಮೇಲೋ ಕೆಳಗೋ ಎಂದು ಹೋಲಿಸಲು ಇಲ್ಲಿಯ ಪಗಾರವೇ ಗೊತ್ತಿಲ್ಲ! ಅದನ್ನು ಬಿಟ್ಟು, ಇಲ್ಲಿ ಸಿಗುವುದು ಹೊಟ್ಟೆಗೂ ಸಾಲದಷ್ಟಾದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಬೇಕು. ಅವ್ವನಿಗೆ ಫೋನ್ ಮಾಡಿದಳು.

“ಪಗಾರ ಎಷ್ಟಂತ ಕೇಳಬ್ಯಾಡವಾ,” ಅಂದಳು ಅವ್ವ. “ನಿಮ್ಮಪ್ಪನ ಬಗ್ಗೆ ಏನ್ ತಿಳ್ಕೊಂಡಾರು? ಬರೇ ರೊಕ್ಕ ನೋಡೋ ಮಂದಿ ಅಂದಾರು.”

ಮಧ್ಯಾಹ್ನವಾಯಿತು. ದಾನೇಶ್ವರಿ ಚಹಾದ ಕಪ್ಪು ಎತ್ತುವ ನೆಪದಲ್ಲಿ ಚನ್ನವೀರಪ್ಪನ ಟೇಬಲ್ಲಿನ ಹತ್ತಿರ ಹೋದಳು, ಬಂದಳು. ಗೋದಾಮಿನ ಕೀಲಿ ಕೇಳುವ ನೆಪದಲ್ಲಿ ಹೋದಳು, ಬಂದಳು. ಕೊನೆಗೆ ಧೈರ್ಯ ಮಾಡಿ, “ಕಾಕಾ, ನನ್ನ ಪಗಾರದ್ದು...” ಅಂದಳು.

“ಆಮ್ಯಾಲ ನೋಡೂಣಂತ,” ಎಂದು ಅವನು ನಕ್ಕ. ಅವಳೂ ನಕ್ಕಳು. ನಗಬಾರದಾಗಿತ್ತು.

ಆಗಲೇ ಒಬ್ಬ ಗಿರಾಕಿ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. “ತಂಗಿ, ನಾಳೆ ನಮ್ಮ ಮನ್ಯಾಗ ಬಸುರಿ ಮಗಳ ಕುಬಸದ ಕಾರ್ಯ ಐತಿ. ಕುರ್ಚಿ ಏರಸು. ನಾವೇನ್ ಹೊರಗಿನವ್ರಲ್ಲ, ಬಾಡಿಗಿ ಆಮ್ಯಾಲ ನೋಡೂಣು.”

ದಾನೇಶ್ವರಿ ತಡವರಿಸಲಿಲ್ಲ. “ಮನಿಯವ್ರಾದ್ರೂ ರೇಟ್ ಮದಲ ಮಾತಾಡ್ಬೇಕ್ರಿ ಅಣ್ಣಾರ. ಇಲ್ಲಾಂದ್ರ ಆಮ್ಯಾಲ ಮನಸ್ಸು ಕೆಡ್ತಾವ. ನಿಮ್ದೂ, ನಮ್ದೂ.”

ಗಿರಾಕಿ ಸಿಟ್ಟಾಗಲಿಲ್ಲ. “ಖರೇನ ಐತಿ” ಎಂದು ರೇಟು ಒಪ್ಪಿ, ಕುರ್ಚಿ ಏರಿಸಿಕೊಂಡು ಹೋದ. ಚನ್ನವೀರಪ್ಪ ಒಳಗಿನಿಂದಲೇ “ಭೇಷ್!” ಅಂದ.

ದಾನೇಶ್ವರಿ ಮಾತ್ರ ಅಲ್ಲೇ ನಿಂತಿದ್ದಳು. ತನ್ನ ಮಾತು ತನ್ನ ಕಿವಿಗೇ ಬಿದ್ದಿತ್ತು. ಊರ ಮಂದಿಗೆಲ್ಲ ದಿನಾ ಹೇಳುವ ಮಾತನ್ನು ತನಗೋಸ್ಕರ ಒಮ್ಮೆಯೂ ಹೇಳಿಕೊಂಡಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಒಳಗೆ ಹೋಗಿ ಚನ್ನವೀರಪ್ಪನ ಟೇಬಲ್ಲಿನ ಮುಂದೆ ನಿಂತಳು.

“ಕಾಕಾ, ಮನಿ ಮಗಳಾದ್ರೂ ರೇಟ್ ಮದಲ ಮಾತಾಡ್ಬೇಕ್ರಿ.”

ಚನ್ನವೀರಪ್ಪನ ನಗು ಹೋಯಿತು. ಚಂಚಿಯ ದಾರವನ್ನು ಬಿಚ್ಚಿದ, ಕಟ್ಟಿದ. ಆಮೇಲೆ ಮುಖ ನೋಡದೆ ಹೇಳಿದ: “ಅವತ್ತ ಖರ್ಚಿಗಂತ ಕೊಟ್ಟೆನಲ್ಲ... ತಿಂಗಳಿಗೆ ಅಷ್ಟ.”

ಅಂದರೆ ಬರಬೇಕಾದ್ದು ಇನ್ನೇನೂ ಇರಲಿಲ್ಲ. ಇಲ್ಲದ ಹಣಕ್ಕಾಗಿ ಇಷ್ಟು ದಿನ ನಿದ್ದೆಗೆಟ್ಟಿದ್ದಳು. ಅವಳಿಗೆ ದುಃಖವಾಯಿತು, ಆದರೆ ಎದೆಯೊಳಗಿನ ಹೆದರಿಕೆ ಇಳಿಯಿತು.

“ಹಂಗಾದ್ರ ನಾಳಿನ ಕಾರ್ಯ ಮುಗಿಸಿಕೊಟ್ಟು ನಾ ಹೊಂಡ್ತೀನ್ರಿ ಕಾಕಾ. ಬ್ಯಾಸರ ಮಾಡ್ಕೋಬ್ಯಾಡ್ರಿ. ನನಗ ಬ್ಯಾರೆ ಕಡೆ ಕೆಲಸ ಬಂದೈತಿ.”

“ಅಲ್ಲೇನ್ ಬಾಳ ಕೊಡ್ತಾರೇನು?”

“ಬಾಳ ಏನಲ್ರಿ. ಆದ್ರ ಮದಲ ಹೇಳ್ಯಾರ,” ಅಂದಳು ದಾನೇಶ್ವರಿ. ಹೊರಗೆ ಇನ್ನೂ ಬಿಸಿಲಿತ್ತು. ಅವಳು ಫೋನ್ ತೆಗೆದುಕೊಂಡಳು.

ನೀತಿ: ಕೆಲಸಕ್ಕೆ ಸೇರುವ ಮೊದಲೇ ಸಂಬಳ ಎಷ್ಟು, ಯಾವಾಗ ಕೊಡುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ದುಡಿಮೆಯ ಬೆಲೆ ಕೇಳುವುದು ದುರಾಸೆಯಲ್ಲ. ಒಂದು ಗಳಿಗೆಯ ಸಂಕೋಚಕ್ಕೆ ಹೆದರಿದವರು ತಿಂಗಳುಗಟ್ಟಲೆ ಹೆದರಬೇಕಾಗುತ್ತದೆ. ಮನೆಯವರಂತೆ ಕಂಡು ಕೆಲಸ ಕೊಟ್ಟವರಲ್ಲಂತೂ ಇನ್ನೂ ಮೊದಲೇ ಕೇಳಿ.